ಗೇಟಿಗೆ ಬೆನ್ನು ಕೊಟ್ಟು ನಿಂತವರು

ಅವರು ಹೋದ ಸುದ್ದಿ ನಮ್ಮ ಫ್ಲಾಟಿನ ವಾಟ್ಸಾಪ್ ಗುಂಪಿಗೆ ಬಂದದ್ದು ಬೆಳಿಗ್ಗೆ ಹತ್ತೂವರೆಗೆ. ಹನ್ನೊಂದರ ಹೊತ್ತಿಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ಅಧ್ಯಕ್ಷರು 'ಒಳ್ಳೆಯ ಆತ್ಮ' ಅಂತ ಬರೆದರು. ಮೂರನೇ ಮಹಡಿಯವರು ಒಂದು ಹೂವು ಹಾಕಿದರು. ಅದರ ಕೆಳಗೇ, ಹೂವು ಬಾಡೋಕೂ ಬಿಡದೆ, ಎರಡನೇ ಮಹಡಿಯ ಮಹಾತಾಯಿ ಕೇಳಿದ್ದಳು: 'ನಮ್ಮ ಗೇಟು ಮತ್ತೆ ಅರ್ಧಕ್ಕೇ ನಿಲ್ತಿದೆ. ಯಾರಿಗಾದರೂ ಬೇರೆ ಮೆಕ್ಯಾನಿಕ್ ಗೊತ್ತಾ?'

ನಾನು ಆಫೀಸಿನಲ್ಲಿದ್ದೆ. ಫೋನನ್ನು ಮೇಜಿನ ಮೇಲೆ ಕುಕ್ಕಿದೆ. ಪಕ್ಕದ ಸೀಟಿನವರು ಏನಾಯ್ತು ಮೇಡಂ ಅಂದರು. ಏನಿಲ್ಲ ಅಂದೆ. ಏನಿಲ್ಲವಾ? ಸಿಟ್ಟು ಧಗಧಗ ಉರೀತಿತ್ತು. ಈ ಬರಹ ಹುಟ್ಟಿದ್ದು ಆ ಉರಿಯಲ್ಲಿ, ಹಾಗಾಗಿ ಇದರಲ್ಲಿ ತಣ್ಣಗಿನ ಮಾತು ಹುಡುಕಬೇಡಿ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ಬದುಕಿರೋರ ಬಗ್ಗೆ ಆಡಬಹುದಲ್ಲ, ಆಡ್ತೀನಿ. ಆ ಬದುಕಿರೋರ ಸಾಲಿನಲ್ಲಿ ಮೊದಲು ನಿಂತಿರೋಳು ನಾನೇ.

ಅವರ ಹೆಸರು ಬರೆಯಲ್ಲ. ಒಂದು ಸಲ ಒಂದು ಕಾಗದದಲ್ಲಿ ಬರೆದು ಆ ಹೆಸರಿಗೆ ಮಸಿ ಬಳಿದಿದ್ದೀನಿ, ಅಷ್ಟು ಸಾಕು. ಚೆನ್ನೈನ ಕ್ರೋಂಪೇಟೆಯಲ್ಲಿ ನಮ್ಮ ಸುತ್ತಮುತ್ತ ಎಲ್ಲರೂ ಅವರನ್ನ ಗೇಟ್‌ಕಾರರು ಅಂತಿದ್ದರು. ಗುಂಡಿ ಒತ್ತಿದರೆ ತಾನೇ ಸರಿದು ತೆಗೆದುಕೊಳ್ಳೋ, ತಾನೇ ಮುಚ್ಚಿಕೊಳ್ಳೋ ಕಬ್ಬಿಣದ ಗೇಟುಗಳಿರ್ತವಲ್ಲ, ಕಾರಿನಿಂದ ಇಳಿಯೋಕೆ ಮೈ ಬಗ್ಗದವರ ಮನೆಗಳಲ್ಲಿ, ಅವುಗಳ ಮೋಟಾರು ರಿಪೇರಿ ಅವರ ಕಸುಬು. ನಮ್ಮ ಹದಿನಾರು ಮನೆಗಳ ಕಟ್ಟಡಕ್ಕೂ ಅಂಥದೊಂದಿದೆ. ನಾನು ತುಮಕೂರಿನವಳು, ವಿಮಾ ಕಚೇರಿಯ ನೌಕರಿ, ವರ್ಗವಾಗಿ ಚೆನ್ನೈಗೆ ಬಂದು ಹನ್ನೊಂದು ವರ್ಷ. ಬಾಯಿ ಜೋರು ಅಂತಲೋ ಏನೋ, ಬಂದ ಎರಡೇ ವರ್ಷಕ್ಕೆ ನನ್ನನ್ನ ಅಸೋಸಿಯೇಷನ್ನಿನ ಸೆಕ್ರೆಟರಿ ಮಾಡಿದರು. ಗೇಟು ಕೆಟ್ಟರೆ ಫೋನು ಮಾಡೋ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಸಲ ಅವರು ಬಂದಾಗ ಗೇಟು ಕಿರುಗುಟ್ಟುತ್ತಾ ನಿಂತಿತ್ತು. ತೆಳ್ಳನೆ ಆಳು, ಅರವತ್ತರ ಆಸುಪಾಸು, ಅರ್ಧ ತೋಳಿನ ಬಿಳಿ ಶರ್ಟು, ಹಣೆ ತುಂಬ ವಿಭೂತಿ, ಹೆಗಲಿಗೆ ದಪ್ಪ ಬಟ್ಟೆಯ ಚೀಲ. ಬಗ್ಗಿ ಗೇಟಿನ ತಳದ ಹಲ್ಲುಪಟ್ಟಿ ಮೇಲೆ ಬೆರಳಾಡಿಸಿದರು. ಬೆರಳು ಕಪ್ಪಗೆ ಅಂಟಂಟಾಗಿ ಬಂತು. "ಅಯ್ಯೋ ಶಿವನೇ, ಎಣ್ಣೆ ಉಯ್ದವ್ರೆ" ಅಂದರು, ತಮ್ಮಷ್ಟಕ್ಕೆ ತಾವೇ.

ನನಗೆ ಕಿವಿ ನೆಟ್ಟಗಾಯ್ತು. "ನೀವು ಕನ್ನಡದವರಾ?"

"ಆಮಾಮ್ಮಾ. ನಾವು ಕೊಳ್ಳೇಗಾಲದೋರು. ನಮ್ ತಾತ ಸೀರೆ ಯಾಪಾರಕ್ಕೆ ಇಲ್ಗೆ ಬಂದ್ಬುಟ್ರು. ನಾನು ಪೊರಂದಿದ್ದೆಲ್ಲ ಪುರಸೈವಾಕ್ಕಂನಲ್ಲೇಯ."

"ಪೊರಂದಿದ್ದಲ್ಲ ಯಜಮಾನ್ರೇ, ಹುಟ್ಟಿದ್ದು" ಅಂದೆ.

ನೋಡಿ, ಮೊದಲ ಭೇಟಿಯ ಮೂರನೇ ಮಾತಿಗೇ ಶುರುವಾಯ್ತು ನನ್ನ ಚಟ. ಆ ಮನುಷ್ಯ ಎಣ್ಣೆಗೆ ಮರಳು ಮೆತ್ತಿಕೊಂಡು ಹಲ್ಲು ಸವೆಸುತ್ತೆ, ಇದಕ್ಕೆ ಎಣ್ಣೆ ಸೋಕಿಸಲೇಬಾರದು ಅಂತ ಉಪಯೋಗದ ಮಾತು ಹೇಳ್ತಿದ್ದರೆ, ನಾನು ಅವರ ಕನ್ನಡ ತಿದ್ದುತ್ತಾ ನಿಂತಿದ್ದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹುಟ್ಟಿದ್ದು, ಹುಟ್ಟಿದ್ದು" ಅಂತ ಎರಡು ಸಲ ಹೇಳಿಕೊಂಡು ಸೀಮೆಎಣ್ಣೆ ಬಟ್ಟೆಯಲ್ಲಿ ಪಟ್ಟಿ ಒರೆಸತೊಡಗಿದರು.

ಆಮೇಲೆ ಆರು ತಿಂಗಳಿಗೊಮ್ಮೆ ಕರೆಯಲಿ ಬಿಡಲಿ ಬರ್ತಿದ್ದರು. ಎಳುಂಬೂರಿನಿಂದ ಲೋಕಲ್ ಟ್ರೈನು ಹಿಡಿದು, ಸ್ಟೇಷನ್ನಿಂದ ನಡೆದೇ. ಅವರ ಕೆಲಸ ನೋಡೋದು ಒಂದು ಚಂದ. ಮೋಟಾರಿನ ಪೆಟ್ಟಿಗೆ ತೆರೆದರೆ ಒಳಗೆ ಇರುವೆ ಗೂಡು, ಹಲ್ಲಿ ಮೊಟ್ಟೆ. ಮೊಟ್ಟೆಗಳನ್ನ ಒಂದು ಕಾಗದಕ್ಕೆ ಹಾಕಿ ಕಾಂಪೌಂಡಿನ ಮೂಲೆಗೆ ಸಾಗಿಸೋರು. ಆಮೇಲೆ ಪೆಟ್ಟಿಗೆಯ ನಾಲ್ಕು ಮೂಲೆಗೆ ನಾಲ್ಕು ನುಸಿಗುಳಿಗೆ. ಕರೆಂಟು ಹೋದಾಗ ಮೋಟಾರಿನ ಹಿಡಿತ ಬಿಡಿಸೋ ಮೂರುಮೂಲೆ ಕೀಲಿ ಎಲ್ಲಿದೆ ಅಂತ ಪ್ರತಿ ಸಲ ಕಾವಲುಗಾರನಿಗೆ ಪರೀಕ್ಷೆ. ನನಗೂ ಒಮ್ಮೆ ಪರೀಕ್ಷೆ ಮಾಡಿದರು. ನಾನು ಫೇಲು. ಅವತ್ತು ನನ್ನ ಕೈಯಲ್ಲೇ ಆ ಭಾರದ ಗೇಟು ತಳ್ಳಿಸಿ, "ಈಗ ಮರೆಯಲ್ಲ ಬುಡಿ" ಅಂದರು.

ಎರಡು ಕಂಬಗಳಿಗೆ ಎದುರುಬದುರಾಗಿ ಎರಡು ಪುಟ್ಟ ಡಬ್ಬಿ ಇದ್ದವು, ಸೆನ್ಸಾರು. ಅವನ್ನ ಅವರು ಕಣ್ಣು ಅಂತಿದ್ದರು. ಮುಚ್ಚಿಕೊಳ್ಳೋ ಗೇಟಿನ ದಾರಿಗೆ ಯಾರಾದರೂ ಅಡ್ಡ ಬಂದರೆ ಆ ಕಣ್ಣಿಗೆ ಗೊತ್ತಾಗಿ ಗೇಟು ನಿಂತು ಹಿಂದಕ್ಕೆ ಹೋಗುತ್ತೆ. ಒಂದು ಆಯುಧಪೂಜೆಗೆ ನಮ್ಮ ಕಾವಲುಗಾರ ಭಕ್ತಿಯಿಂದ ಎರಡು ಕಣ್ಣಿಗೂ ಗಂಧ ಮೆತ್ತಿ ಕುಂಕುಮ ಇಟ್ಟ. ಗೇಟು ಎರಡು ದಿನ ಬಾಯಿ ತೆರಕೊಂಡು ಬಿದ್ದಿತ್ತು. ಅವರು ಬಂದು ನೋಡಿ, ಮೊದಲು ಕೈಮುಗಿದು, ಆಮೇಲೆ ಒರೆಸಿ, ಅದೇ ಕುಂಕುಮಾನ ಒಂದು ಗೇಣು ಮೇಲೆ ಕಂಬಕ್ಕೆ ಇಟ್ಟರು. "ಸಾಮಿಗೆ ಹಣೆ ಮೇಲೆ ಇಡು ರಾಜ, ಕಣ್ಣೊಳಕ್ಕೆ ಇಕ್ಕಿದ್ರೆ ಸಾಮೀಗೂ ಉರೀತದೆ" ಅಂತ ಅವನಿಗೆ ತಮಿಳಿನಲ್ಲೂ, ನನಗೆ ಕನ್ನಡದಲ್ಲೂ ಹೇಳಿದರು. ನಾನು ಬಿದ್ದು ಬಿದ್ದು ನಕ್ಕೆ.

ಆದರೆ ನನಗೆ ನಗು ಬರದಿದ್ದ ಒಂದು ಅಭ್ಯಾಸ ಅವರಿಗಿತ್ತು. ಬಂದ ತಕ್ಷಣ ಒಂದು ಸಲ, ಹೊರಡೋ ಮುಂಚೆ ಒಂದು ಸಲ, ರಿಮೋಟು ಒತ್ತಿ, ಮುಚ್ಚಿಕೊಳ್ಳಲು ಬರೋ ಗೇಟಿನ ದಾರಿಯಲ್ಲಿ ತಾವೇ ನಿಲ್ಲೋರು. ಅದೂ ಗೇಟಿಗೆ ಬೆನ್ನು ಕೊಟ್ಟು. ಶರ್ಟಿನೊಳಗಿನ ಲಿಂಗದ ಮೇಲೆ ಎಡಗೈ, ದೃಷ್ಟಿ ಎದುರಿನ ಬೇವಿನ ಮರದ ಮೇಲೆ. ಆ ಕಬ್ಬಿಣ ಗುರ್ ಅಂತ ಬಂದು, ಅವರ ಬೆನ್ನಿಗೆ ಮೊಳ ದೂರದಲ್ಲಿ ನಿಂತು ಹಿಂದೆ ಸರಿಯೋದು. ನನಗೆ ಎದೆ ಝಲ್ ಅನ್ನೋದು.

"ಏನ್ ಯಜಮಾನ್ರೇ ಇದು ಹುಚ್ಚಾಟ? ಒಂದು ಖಾಲಿ ಡಬ್ಬ ಇಟ್ಟು ನೋಡಬಾರದಾ?"

"ಡಬ್ಬಕ್ಕೆ ಹೆಂಡ್ರು ಮಕ್ಳು ಇಲ್ವಲ್ಲಮ್ಮಾ. ಡಬ್ಬ ನಿಲ್ಲಿಸಿದ್ರೆ ಕೈ ಅಸಡ್ಡೆ ಮಾಡ್ತದೆ. ನಾನೇ ನಿಲ್ಬೇಕು ಅಂದ್ರೆ ಒಂದು ಸ್ಕ್ರೂನೂ ಸಡಿಲ ಬುಡಕ್ಕಾಗಲ್ಲ."

"ಸರಿ, ಮುಖ ಆದರೂ ಈ ಕಡೆ ಮಾಡಿ ನಿಲ್ಲಿ."

"ಮುಖ ಮಾಡಿ ನಿಂತ್ರೆ ನಾನು ಓಡ್ಬುಡ್ತೀನಲ್ಲಾ!" ಅಂತ ನಕ್ಕರು. "ಆಮೇಲೆ ಕಣ್ಣು ಉದವಿ ಮಾಡ್ತೋ, ಕಾಲು ಉದವಿ ಮಾಡ್ತೋ, ಯಂಗೆ ಗೊತ್ತಾಗದು?"

"ಉದವಿ ತಮಿಳು. ಸಹಾಯ ಅನ್ನಿ."

ಅವರು ತಲೆ ಆಡಿಸಿದರು. ಮಾತಿಗೆ ಮಾತಿಗೆ ನಾನು ಹೀಗೇ ಕೊಕ್ಕೆ ಹಾಕ್ತಿದ್ದೆ. ವೇಲೆ ಅಲ್ಲ, ಕೆಲಸ. ಸೀಕ್ರಂ ಅಲ್ಲ, ಬೇಗ. ಬರ್ತಾ ಬರ್ತಾ ಅವರು ನನ್ನ ಹತ್ತಿರ ಮಾತಾಡುವಾಗ ಒಂದೊಂದು ಶಬ್ದಕ್ಕೂ ತಡವರಿಸಿ, ಹುಡುಕಿ, ಇದು ಕನ್ನಡವೇ ಅಂತ ಖಾತ್ರಿ ಮಾಡಿಕೊಂಡು ಆಡೋ ಹಾಗಾಯ್ತು. ನನಗೆ ಒಳಗೊಳಗೇ ಹೆಮ್ಮೆ, ಒಬ್ಬರ ಕನ್ನಡ ಉದ್ಧಾರ ಮಾಡಿಬಿಟ್ಟೆ ಅಂತ. ಹೆಮ್ಮೆಗೆ ಬೆಂಕಿ ಹಾಕ!

ಮೂರು ವರ್ಷದ ಹಿಂದಿನ ಬೇಸಿಗೆ. ನಮ್ಮ ಗೇಟು ಮುಚ್ಚಿಕೊಳ್ಳುತ್ತಾ ಮುಚ್ಚಿಕೊಳ್ಳುತ್ತಾ ಅರ್ಧದಲ್ಲಿ ನಿಂತು ವಾಪಸು ಹೋಗ್ತಿತ್ತು. ಬೆಳಿಗ್ಗೆ ಒಂಬತ್ತರ ಬಿಸಿಲು ನೆಟ್ಟಗೆ ಒಂದು ಕಣ್ಣಿಗೆ ಹೊಡೀತಿತ್ತಂತೆ. ಎಲ್ಲರೂ ಆಫೀಸಿಗೆ ಹೊರಡೋ ಹೊತ್ತು, ಎಲ್ಲರ ಬೈಗುಳ ನನಗೆ. ಅವರು ಬಂದು, ಕಣ್ಣಿಗೆ ಪ್ಲಾಸ್ಟಿಕ್ ಕೊಳವೆ ಕತ್ತರಿಸಿ ಸಣ್ಣದೊಂದು ಮರೆ ಕಟ್ಟಿ, ಬೆನ್ನು ಕೊಟ್ಟು ನಿಂತು ನೋಡಿ, ನನ್ನನ್ನ ಕರೆದರು. ನಾನು ಚೀಲ ಹೆಗಲಿಗೇರಿಸಿಕೊಂಡು ಟ್ರೈನಿಗೆ ಓಡೋ ಗಡಿಬಿಡಿಯಲ್ಲಿದ್ದೆ.

"ಅಮ್ಮಾ, ಒಂದು ನಿಮಿಷ. ಇದು ಹಳೇ ಕಣ್ಣು. ಆವಾಗಾವಾಗ ತೊಂದ್ರೆ ಕೊಡ್ತದೆ, ಹೊಸದು ಬರೋಗಂಟ ತಾಳ್ಕಳಿ. ಆದ್ರೂ ಗ್ಯಾಪಕ ಇಟ್ಕಳಿ, ಆಪತ್ತಿಗೆ ಇದೊಂದೇ..." ಅಂತ ನಿಲ್ಲಿಸಿದರು. ಶಬ್ದ ಹುಡುಕಿದರು. ನಾನು ಗಡಿಯಾರ ನೋಡಿದೆ. ಸಿಕ್ಕಿತು ಅನ್ನೋ ಹಾಗೆ ಅವರ ಮುಖ ಅರಳಿತು. "ಆಪತ್ತಿಗೆ ಇದೊಂದೇ ಕೈ ಕೊಡೋದು."

ಆಯ್ತು ಆಯ್ತು ಅಂತ ನಾನು ಹೊರಟೆ.

ಆ ಭಾನುವಾರ ಮೀಟಿಂಗು. ಅಧ್ಯಕ್ಷರಿಗೆ ಆ ಸೆನ್ಸಾರೇ ಬೇಡವಾಗಿತ್ತು. ಅವರ ದೊಡ್ಡ ಕಾರು ಎರಡು ಸಲ ಹಿಂದೆ ಮುಂದೆ ಆಡೋ ಗೇಟಿನ ಮುಂದೆ ನಿಂತು ಹಾರನ್ ಹೊಡೆದು ಅವಮಾನವಾಗಿತ್ತಲ್ಲ! ತಂತಿ ಜೋಡಿಸಿ ಅದನ್ನ ತಪ್ಪಿಸಿಬಿಡೋಣ ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಭಾಷೆಯವರಲ್ಲವಾ ಮೆಕ್ಯಾನಿಕ್ಕು, ಅವರೇನು ಹೇಳಿದರು ಮೇಡಂ?" ಅಂತ ತಮಿಳಿನಲ್ಲಿ ಕೇಳಿದರು.

ಕನ್ನಡದಲ್ಲಿ ಹುಟ್ಟಿ ಬೆಳೆದವಳಿಗೆ ಕೈ ಕೊಡೋದು ಅಂದರೆ ಏನು? ನಂಬಿದ ಹೊತ್ತಲ್ಲಿ ಮೋಸ ಮಾಡೋದು. ಸ್ಕೂಟರು ಕೈ ಕೊಡುತ್ತೆ, ಮಳೆ ಕೈ ಕೊಡುತ್ತೆ, ಭಾವಮೈದ ಕೈ ಕೊಡ್ತಾನೆ. ನನ್ನ ಕಿವಿಗೆ ಬಿದ್ದದ್ದು ಅದೇ. ಅದನ್ನ ತಮಿಳಿಗೆ ತಿರುಗಿಸೋದರಲ್ಲೂ ನನ್ನ ಜಾಣತನ ನೋಡಿ. ತಮಿಳರು ಮೋಸಕ್ಕೆ ಕೈ ಅನ್ನಲ್ಲ, ಕಾಲು ಅಂತಾರೆ, ಕಾಲು ಎಳೆದು ಬೀಳಿಸೋದು. "ಆಪತ್ತುಲ ಇದುದಾನ್ ಕಾಲೆ ವಾರಿಡುಂನು ಅವರೇ ಸೊನ್ನಾರು" ಅಂದೆ, ಗತ್ತಿನಿಂದ, ಆಪತ್ತಿನಲ್ಲಿ ಕಾಲೆಳೆಯೋದು ಇದೇ ಅಂತ ಅವರೇ ಹೇಳಿದರು ಅಂತ. ಎಷ್ಟು ಚೆನ್ನಾಗಿ ತಮಿಳು ಕಲಿತಿದ್ದೀರಿ ಮೇಡಂ ಅಂತ ಒಬ್ಬರು ಹೊಗಳಿದರು ಕೂಡ.

"ಮೆಕ್ಯಾನಿಕ್ಕೇ ಹೇಳಿದ ಮೇಲೆ ಇನ್ನೇನು" ಅಂದರು ಅಧ್ಯಕ್ಷರು. ಮಾರನೇ ದಿನ ಬೀದಿ ಕೊನೆಯ ಎಲೆಕ್ಟ್ರಿಷಿಯನ್ನು ಬಂದು ಪೆಟ್ಟಿಗೆಯೊಳಗೆ ಒಂದು ತುಂಡು ತಂತಿ ಸಿಕ್ಕಿಸಿ, ಮೋಟಾರಿನ ಜೋರನ್ನೂ ಹೆಚ್ಚಿಸಿ ಹೋದ. ಡಬ್ಬಿಗಳಲ್ಲಿ ದೀಪ ಉರೀತಾನೇ ಇತ್ತು, ಕಣ್ಣು ಮಾತ್ರ ಕುರುಡು. ಅವರಿಗೆ ಒಂದು ಫೋನು ಮಾಡಿ, ಹೀಗೆ ಮಾಡಿದ್ದೀವಿ ಅಂತ ಹೇಳಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಹದಿನಾರು ಮನೆಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ.

ಎರಡು ತಿಂಗಳಿಗೆ ಹೊಸ ಕಣ್ಣು ಚೀಲದಲ್ಲಿಟ್ಟುಕೊಂಡು ಅವರು ಬಂದರು. ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಕೆಳಗಿಂದ ಕೈ ಎತ್ತಿ ನಮಸ್ಕಾರ ಮಾಡಿದರು. ಪೆಟ್ಟಿಗೆ ಇನ್ನೂ ತೆರೆದಿರಲಿಲ್ಲ. ಅಭ್ಯಾಸದಂತೆ ರಿಮೋಟು ಒತ್ತಿದರು, ಹೋಗಿ ನಿಂತರು, ಬೆನ್ನು ಕೊಟ್ಟು, ಬೇವಿನ ಮರ ನೋಡುತ್ತಾ. ಅಯ್ಯೋ, ಯಜಮಾನ್ರೇ ಅಂತ ಕೂಗಿದೆ. ಅವರು ಏನಮ್ಮಾ ಅನ್ನೋ ಹಾಗೆ ತಲೆ ಎತ್ತಿ ನನ್ನನ್ನೇ ನೋಡಿದರು. ಗೇಟು ನಿಲ್ಲಲಿಲ್ಲ. ಬೆನ್ನಿಗೆ ತಾಗಿದಾಗ ಬಲಗೈ ಹಿಂದಕ್ಕೆ ಚಾಚಿದರು. ಗೇಟು ಅವರನ್ನ ತಳ್ಳಿಕೊಂಡೇ ಹೋಯ್ತು, ಆ ಕೈ ಗೇಟಿಗೂ ಕಂಬಕ್ಕೂ ನಡುವೆ ಸಿಕ್ಕಿತು.

ನನ್ನ ಕಾರಿನಲ್ಲೇ ಆಸ್ಪತ್ರೆಗೆ ಒಯ್ದೆ. ಎರಡು ದಿನ ರಜೆ ಹಾಕಿ ಕೂತೆ. ಸಹಿ ಹಾಕಿದೆ, ಗಂಜಿ ಒಯ್ದೆ, ಅವರ ಹೆಂಡತಿಯನ್ನ ಪುರಸೈವಾಕ್ಕಂಗೆ ಬಿಟ್ಟು ಬಂದೆ. ಎಲ್ಲಾ ಮಾಡಿದೆ. ಮಾಡುತ್ತಾ ಒಳಗೇ ಅವರ ಮೇಲೆ ಕುದೀತಿದ್ದೆ, ತಾವೇ ಹೇಳಿದ್ದರಲ್ಲ ಆ ಕಣ್ಣನ್ನ ನಂಬಬೇಡಿ ಅಂತ, ಹೇಳಿ ಹೇಳಿ ತಾವೇ ಹೋಗಿ ನಿಲ್ಲೋದಾ ಅಂತ. ಕೈಯಲ್ಲಿ ಮೂರು ಬೆರಳು ಆಮೇಲೆ ಮಡಚಲೇ ಇಲ್ಲ. ಸ್ಕ್ರೂಡ್ರೈವರ್ ಹಿಡಿಯೋ ಬೆರಳುಗಳೇ ಅವು.

ಇತ್ತ ನಮ್ಮ ಘನಂದಾರಿ ಅಸೋಸಿಯೇಷನ್ನು ಮಾರನೇ ದಿನವೇ ಕಳ್ಳರ ಹಾಗೆ ಆ ತಂತಿ ಕಿತ್ತು, ಹೊಸ ಕಣ್ಣು ಜೋಡಿಸಿತು. ವಾರ ಕಳೆಯೋದರೊಳಗೆ ಗುಸುಗುಸು, ಅವರು ಪೊಲೀಸಿಗೆ ಹೋದರೆ? ಅಧ್ಯಕ್ಷರು ನನ್ನ ಮನೆಗೇ ಬಂದರು. "ಮೇಡಂ, ನೀವು ವಿಮೆಯವರು. ಒಂದು ಕಾಗದ ಮಾಡಿ." ಕೈ ತೊಳೆದುಕೊಳ್ಳೋ ಕಾಗದ ಬರೆಯೋದರಲ್ಲಿ ನಾನು ಎತ್ತಿದ ಕೈ, ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದು. ಇಂಗ್ಲಿಷಿನಲ್ಲಿ ಬರೆದೆ. ಅದರಲ್ಲಿ ಅವರ ಹೆಸರು ಹಾಕಿ ಬರೆದ ಒಂದು ಸಾಲು ಹೀಗಿತ್ತು: ಮೆಕ್ಯಾನಿಕ್ ಅವರ ಮಾತಿನ ಮೇಲೆಯೇ ಸೆನ್ಸಾರ್ ತೆಗೆಸಲಾಗಿತ್ತು. ಕೆಳಗೆ ನನ್ನ ರುಜು. ಲಿಫ್ಟಿನ ಪಕ್ಕದ ಬೋರ್ಡಿಗೆ ಅಂಟಿಸಿದರು, ಗುಂಪಿಗೆ ಹಾಕಿದರು, ಅಲ್ಲಿಂದ ಅದು ಅಕ್ಕಪಕ್ಕದ ಫ್ಲಾಟುಗಳ ಗುಂಪುಗಳಿಗೆಲ್ಲ ಹೋಯ್ತು. ಗೇಟ್‌ಕಾರರಿಗೇ ಗೇಟು ಹೊಡೀತಂತೆ ಅಂತ ನಕ್ಕವರೂ ಇದ್ದರು. ಕೋತಿ ತಾನು ಮೊಸರನ್ನ ತಿಂದು ಮೇಕೆ ಮೂತಿಗೆ ಒರೆಸಿತಂತೆ. ಆ ಕೋತಿಗೆ ರುಜು ಹಾಕೋಕೆ ಬರ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮೂರು ತಿಂಗಳ ಮೇಲೆ ಅವರು ಬಂದರು. ಗೇಟಿನ ಆಚೆ ನಿಂತಿದ್ದರು, ಗುಂಡಿ ಒತ್ತದೆ. ಕಾವಲುಗಾರ ನೋಡಿ ತೆಗೆದ. ನಮ್ಮ ಮನೆಯ ಸೋಫಾದ ತುದಿಯಲ್ಲಿ ಕೂತು, ಬಲಗೈಯನ್ನ ಎಡಗೈಯಿಂದ ಎತ್ತಿ ತೊಡೆ ಮೇಲಿಟ್ಟುಕೊಂಡರು. ಜೇಬಿನಿಂದ ಒಂದು ಮಡಚಿದ ಹಾಳೆ ತೆಗೆದರು. ನನ್ನ ಕಾಗದದ ಪ್ರತಿ.

"ಮಗಳು ಓದಿ ಹೇಳಿದ್ಲಮ್ಮಾ. ಬೇರೆ ಏನಾದ್ರೂ ಇರ್ಲಿ. ಈ ಒಂದು ಸಾಲು ಹೊಡದಾಕ್ಬುಡಿ. ಕಣ್ಣು ತೆಗೀರಿ ಅಂತ ನಾನು ಹೇಳ್ಲಿಲ್ವಲ್ಲಾ. ಹತ್ತು ಕಡೆ ಫೋನು ಮಾಡ್ದೆ, ಮಗಳ ಗಂಡನ್ನ ಕರ್ಕೊಂಡು ನಾನು ಹೇಳಿಕೊಟ್ಟು ಮಾಡಿಸ್ತೀನಿ ಅಂತ. ಕಣ್ಣು ತೆಗೆಸೋ ಆಳು ನೀನು, ಬ್ಯಾಡ ಅಂತವ್ರೆ."

"ಹೇಳಿದ್ದಿರಿ ಯಜಮಾನ್ರೇ" ಅಂದೆ.

"ಇಲ್ಲಮ್ಮಾ."

"ನನ್ನ ಕಿವಿಯಾರೆ ಕೇಳಿದ್ದೀನಿ. ಗೇಟಿನ ಹತ್ತಿರವೇ ಹೇಳಿದಿರಿ. ನನಗೇನು ಕನ್ನಡ ಬರಲ್ವಾ?"

ಈ ಕೊನೇ ಮಾತು ಜೋರಾಗಿಯೇ ಆಡಿದೆ. ಕನ್ನಡದ ವಿಷಯಕ್ಕೆ ಬಂದರೆ ನನಗೆ ಮೈ ಉರಿಯುತ್ತೆ. ಏನು ಹೇಳಿದ್ದಿರಿ, ಯಾವ ಮಾತು, ಅಂತ ಅವರ ಬಾಯಲ್ಲಿ ಇನ್ನೊಂದು ಸಲ ಹೇಳಿಸಿದ್ದರೆ ಅಲ್ಲಿಗೇ ಮುಗೀತಿತ್ತು. ಹೇಳಿಸಲಿಲ್ಲ. ಅವರು ಹಾಳೆ ಮಡಚಲು ನೋಡಿದರು, ಬೆರಳು ಬಗ್ಗಲಿಲ್ಲ, ಹಾಗೇ ಜೇಬಿಗೆ ತುರುಕಿಕೊಂಡರು.

"ಸರಿ ಬುಡಿಮ್ಮಾ. ನೀವು ಓದ್ಕೊಂಡಿರೋರು. ವಯಸ್ಸಾಯ್ತು, ಹೇಳಿದ್ನೋ ಏನೋ."

ಆ ಮನುಷ್ಯನಿಗೆ ಸಿಟ್ಟು ಬರಬೇಕಿತ್ತು. ನನ್ನ ಕಪಾಳಕ್ಕೆ ಬಿಗಿದಿದ್ದರೂ ಸರಿಯೇ. ಅದು ಬಿಟ್ಟು ತಮ್ಮ ನೆನಪಿನ ಮೇಲೇ ಅನುಮಾನಪಟ್ಟುಕೊಂಡು ಮೆಟ್ಟಿಲಿಳಿದು ಹೋದರು. ಇದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಕೋಪ ಇದೆ. ಅಷ್ಟು ಒಳ್ಳೆಯವರಾಗಿರಬಾರದು ಮನುಷ್ಯರು, ನನ್ನಂಥವರು ಕೊಬ್ಬುತ್ತೀವಿ.

ಆಮೇಲೆ ನಾನು ಅವರನ್ನ ನೋಡಿದ್ದು, ವಾಟ್ಸಾಪಿನಲ್ಲಿ ಸುದ್ದಿ ಬಂದ ದಿನವೇ. ಎದೆನೋವಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಆಫೀಸಿನಿಂದ ನೆಟ್ಟಗೆ ಹೋದೆ. ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಜಂಗುಳಿ ದಾಟಿ, ಹಿಂದಿನ ಗಲ್ಲಿಯಲ್ಲಿ ಮನೆ. ನಮ್ಮ ಫ್ಲಾಟಿನಿಂದ ಬಂದವಳು ನಾನೊಬ್ಬಳೇ. ಅವರನ್ನ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಬಲಗೈಯ ಆ ಮೂರು ಬೆರಳು ನೆಟ್ಟಗೇ ಇದ್ದವು.

ಅವರ ಹೆಂಡತಿ ನನ್ನನ್ನ ಕಂಡು ಎದ್ದು ಬಂದು, ಎರಡೂ ಕೈ ಹಿಡಿದುಕೊಂಡು, ಕೂತಿದ್ದ ನೆಂಟರಿಗೆಲ್ಲ ಹೇಳಿದರು, "ಇವ್ರೇ ಆ ಅಮ್ಮ. ಆಸ್ಪತ್ರೇಲಿ ನಮ್ಗೆ ಎಷ್ಟು ಕೈ ಕೊಟ್ರು ಗೊತ್ತಾ? ಆಪತ್ತಿನಾಗೆ ಕೈ ಕೊಟ್ಟಿದ್ದು ಇವ್ರು ಒಬ್ರೇ."

ನನಗೆ ಕಿವಿವರೆಗೂ ರಕ್ತ ನುಗ್ಗಿತು. ಸಾವಿನ ಮನೆಯಲ್ಲಿ, ಹತ್ತು ಜನರ ಎದುರಿಗೆ ಹೀಗಾ ಅವಮಾನ ಮಾಡೋದು? ನಾನೇನು ಕೈ ಕೊಟ್ಟೆ, ರಜೆ ಹಾಕಿ ಕೂತದ್ದು ಕೈ ಕೊಟ್ಟಿದ್ದಾ ಅಂತ ಬಾಯಿ ತೆರೆದೆ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು, ಮೆಚ್ಚಿಕೆಯಿಂದ. ಒಬ್ಬ ಮುದುಕರು ಕೈಮುಗಿದರು. ಆಕೆ ನನ್ನ ಕೈ ಬಿಟ್ಟಿರಲಿಲ್ಲ, ಕಣ್ಣಿಗೊತ್ತಿಕೊಂಡಿದ್ದರು.

ತಮಿಳಿನಲ್ಲಿ ಕೈ ಕೊಡೋದು ಅಂದರೆ ಕೈ ಹಿಡಿದು ಎತ್ತೋದು. ಕಷ್ಟದಲ್ಲಿ ಆಸರೆಯಾಗೋದು. ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ದಿನಾ ಟ್ರೈನಿನಲ್ಲಿ, ಆಫೀಸಿನಲ್ಲಿ ಕೇಳಿದ ಮಾತೇ. ಅವರು ತಮಿಳಿನಲ್ಲಿ ಹೇಳಿದ್ದರೆ ನಿದ್ದೆಗಣ್ಣಲ್ಲೂ ತಿಳೀತಿತ್ತು. ಉದವಿ ಮಾಡ್ತದೆ ಅಂದಿದ್ದರೂ ತಿಳೀತಿತ್ತು. ಆದರೆ ಉದವಿ ಅನ್ನಬೇಡಿ ಅಂತ ನಾನೇ ಬಾಯಿ ಕಟ್ಟಿದ್ದೆನಲ್ಲ! ನನ್ನನ್ನ ಮೆಚ್ಚಿಸೋಕೆ ಅಂತ ಅವತ್ತು ಗೇಟಿನ ಹತ್ತಿರ ನಿಂತು, ಹುಡುಕಿ, ಕೈ ಅಂತ, ಕೊಡೋದು ಅಂತ, ಎರಡು ಅಪ್ಪಟ ಕನ್ನಡದ ಶಬ್ದ ಆರಿಸಿ ಕೊಟ್ಟಿದ್ದರು. ಅದನ್ನಾದರೂ ನಾನು ಮೀಟಿಂಗಿನಲ್ಲಿ ಇದ್ದ ಹಾಗೇ, ಅಕ್ಷರಕ್ಕೆ ಅಕ್ಷರ ತಮಿಳಿನಲ್ಲಿ ಒಪ್ಪಿಸಿದ್ದರೆ, ದಡ್ಡಿಯ ಹಾಗೆ ಒಪ್ಪಿಸಿದ್ದರೆ, ಅಲ್ಲಿದ್ದವರೆಲ್ಲರಿಗೂ ಸರಿಯಾಗಿಯೇ ಅರ್ಥವಾಗ್ತಿತ್ತು. ನಾನು ಜಾಣೆ. ಕೈಯನ್ನ ಕಾಲು ಮಾಡಿದೆ.

ಆಕೆ ಹೇಳ್ತಾನೇ ಇದ್ದರು. ಯಾವುದೋ ದೊಡ್ಡ ಬಂಗಲೆಯವರು ಕಣ್ಣು ತಪ್ಪಿಸಿ ಗೇಟು ಓಡಿಸು ಅಂದದ್ದಕ್ಕೆ ಅವರು ಚೀಲ ಎತ್ತಿಕೊಂಡು ಬಂದುಬಿಟ್ಟಿದ್ದರಂತೆ. "ಕಣ್ಣಿಲ್ದಿರೋ ಗೇಟು ಗೂಳಿ ಇದ್ದಂಗೆ, ನಾನು ಮುಟ್ಟಲ್ಲ ಅಂತಿದ್ರು. ಅಂಥೋರು ನಿಮ್ ತಾವ ತೆಗೀರಿ ಅಂತ ಯಾಕಂದ್ರೋ, ನಂಗಂತೂ ಗೊತ್ತಾಗಲ್ಲ ಕಣಮ್ಮ. ಕೊನೇಗಂಟ ಅದೇ ಯೋಚ್ನೆ ಅವ್ರಿಗೆ, ನಾನು ಯಾಕಂಗಂದೆ, ನಾನು ಯಾಕಂಗಂದೆ ಅಂತ."

ನಾನು ಅಲ್ಲಿಂದ ಎದ್ದು ಬಂದೆ. ಬೀದಿಯಲ್ಲಿ ಜನ ಎರಡೂ ಕೈಯಲ್ಲಿ ಸೀರೆ ಕವರು ಹಿಡಿದು ನೂಕಾಡ್ತಿದ್ದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮಜ್ಜಿ ದಿನಕ್ಕೆ ಹತ್ತು ಸಲ ಅನ್ನೋಳು. ಆಡಿದ್ದು ಯಾರು, ಹೋದದ್ದು ಯಾರದು!

ಮುಂದಿನ ಭಾನುವಾರ ಮೀಟಿಂಗಿನಲ್ಲಿ ಎದ್ದು ನಿಂತು ಎಲ್ಲಾ ಹೇಳಿದೆ. ಆ ಕಾಗದ ಸುಳ್ಳು, ಹಿಂದಕ್ಕೆ ತಗೋಬೇಕು, ಹೊಸದು ಬರೆದು ಎಲ್ಲೆಲ್ಲಿ ಹೋಗಿತ್ತೋ ಅಲ್ಲಿಗೆಲ್ಲ ಕಳಿಸಬೇಕು ಅಂದೆ. ಅಧ್ಯಕ್ಷರು ಚಹಾ ಕುಡೀತಾ, "ಇಪ್ಪೊ ಎದುಕ್ಕು ಮೇಡಂ? ಅವರೇ ಪೋಯಿಟ್ಟಾರು" ಅಂದರು. ಈಗ್ಯಾಕೆ, ಅವರೇ ಹೋದರಲ್ಲ ಅಂತ.

ಕೆರಳಿಬಿಟ್ಟೆ. "ಅವರು ಹೋದರು ಸಾರ್, ನೀವಿದ್ದೀರಲ್ಲ! ನಾನಿದ್ದೀನಲ್ಲ! ಹೆಸರು ಏನು ಹೆಣದ ಜೊತೆ ಮಣ್ಣಿಗೆ ಹೋಗುತ್ತಾ?" ಅಂದೆ. ಕನ್ನಡದಲ್ಲಿ ಅಂದೆನೋ ತಮಿಳಿನಲ್ಲೋ ನೆನಪಿಲ್ಲ, ಅರ್ಥ ಮಾತ್ರ ಎಲ್ಲರಿಗೂ ಆಯ್ತು. ಭಾಷೆಯ ಗೊಂದಲ, ಚಿಕ್ಕ ವಿಷಯ ಅಂತ ಒಬ್ಬರು ಗೊಣಗಿದರು. ಮೂರು ಬೆರಳು ಚಿಕ್ಕ ವಿಷಯವೇ, ಬೇರೆಯವರದ್ದಾದರೆ. ಸೆಕ್ರೆಟರಿಗಿರಿ ಅಲ್ಲೇ ಬಿಸಾಕಿ ಬಂದು, ನಾನೇ ಬರೆದೆ, ಈ ಸಲ ತಮಿಳಿನಲ್ಲೂ ಕನ್ನಡದಲ್ಲೂ. ಅವರು ಸೆನ್ಸಾರ್ ತೆಗೆಯಲು ಹೇಳಿರಲಿಲ್ಲ, ಅದನ್ನೇ ನಂಬಿ ಎಂದಿದ್ದರು. ನಾನು ತಪ್ಪಾಗಿ ತಿಳಿದು ತಪ್ಪಾಗಿ ಹೇಳಿದೆ. ಅವರಿಗೆ ತಿಳಿಸದೆ ನಾವು ತೆಗೆಸಿದೆವು. ರುಜು ಹಾಕಿ, ಆ ಗುಂಪುಗಳಿಗೆಲ್ಲ ಕಳಿಸಿ, ಒಂದು ಪ್ರತಿಯನ್ನ ಗೇಟಿನ ಕಂಬಕ್ಕೆ, ಆ ಕುಂಕುಮದ ಕೆಳಗೆ ಅಂಟಿಸಿದೆ. ಎರಡು ಸಲ ಯಾರೋ ಕಿತ್ತರು. ಮೂರನೇ ಸಲ ಅಂಟಿಸಿದ್ದು ಇನ್ನೂ ಇದೆ.

ಇನ್ನೊಂದು ಪ್ರತಿ ತಗೊಂಡು ಪುರಸೈವಾಕ್ಕಂಗೆ ಹೋದೆ. ಮಗಳು ತಮಿಳಿನದನ್ನ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ನನ್ನ ಕಡೆ ನೋಡಲಿಲ್ಲ, ಎದ್ದು ಒಳಗೆ ಹೋದಳು. ಅವರ ಹೆಂಡತಿ ಮಾತ್ರ ಅಲ್ಲೇ ಕೂತಿದ್ದರು, ಅರ್ಥವಾಗದೆ.

"ತಪ್ಪಾಗಿ ತಿಳ್ಕೊಂಡೆ ಅಂದ್ರೆ ಯಂಗಮ್ಮಾ? ನೀವು ಕನ್ನಡದೋರೇ ತಾನೇ? ಅವ್ರೂ ಕನ್ನಡದಾಗೇ ಹೇಳಿರ್ತಾರೆ."

"ಕನ್ನಡದಲ್ಲೇ ಹೇಳಿದರು. ಆಪತ್ತಿಗೆ ಇದೊಂದೇ ಕೈ ಕೊಡೋದು ಅಂದರು."

"ಆಮಾ. ಸರಿಯಾಗೇ ಅಂದವ್ರೆ."

"ಸರಿಯಾಗೇ ಅಂದಿದ್ದಾರೆ. ನಮ್ಮ ಕಡೆ ಆ ಮಾತಿಗೆ ಬೇರೆ ಅರ್ಥ."

"ಹೌದಾ?" ಆಕೆ ಮುಂದಕ್ಕೆ ಬಾಗಿದರು, ನಿಜವಾಗಿಯೂ ತಿಳಿದುಕೊಳ್ಳೋ ಆಸೆಯಿಂದ. "ನಿಮ್ ಕಡೆ ಕೈ ಕೊಡೋದು ಅಂದ್ರೆ ಏನಮ್ಮಾ?"

"ನಾನು ಮಾಡಿದ್ದು" ಅಂದೆ.